ದೇವರ ಮೂಲೆಯ ಕಪ್ಪು ಚೌಕ

ಕಪ್ಪು ಚೌಕದ ಮೇಲೆ ಮೂರು ಬೆರಳಿನ ವಿಭೂತಿ ಕಂಡು ನಂದಾ ಧಾವಿಸಿ ಬಂದಳು. ಮಲೇವಿಚ್ ಎಂಬ ವಿದೇಶಿ ಚಿತ್ರಕಾರನ, ಬರೀ ಕಪ್ಪು ಚೌಕವೇ ಇರುವ ಈ ಹೆಸರಾಂತ ಚಿತ್ರವನ್ನು ಡಿಪ್ಲೊಮಾ ಪರೀಕ್ಷೆಗೆಂದು ನಕಲು ಮಾಡಿದ್ದಳು. ಮಧ್ಯಾಹ್ನದ ಬಸ್ಸಿಗೇ ಧಾರವಾಡಕ್ಕೆ ಒಯ್ಯಬೇಕು. ಅವನು ತನ್ನ ನಾಡಿನವರು ದೇವರ ಪಟ ಇಡುವಂಥ ಮೂಲೆಯಲ್ಲೇ ಅದನ್ನು ತೂಗುಹಾಕಿದ್ದನೆಂದು ಓದಿ, ತಾನೂ ದೇವರ ಜಗಲಿಯ ಮೇಲೆ ತೂಗುಹಾಕಿದ್ದಳು.

“ಅತ್ತಿ, ಏನ್ ಮಾಡಿದ್ರಿ ಇದು! ಬಣ್ಣ ಇನ್ನೂ ಹಸಿ ಐತ್ರಿ!”

“ದೇವರ ಮೂಲ್ಯಾಗ ನೀನ ತೂಗಹಾಕಿ, ನನಗ ಒದರ್ತಿಯಲ್ಲ!” ರೇವವ್ವ ಕಣ್ಣು ಕದಲಿಸಲಿಲ್ಲ. ಅಂಗೈಯ ಲಿಂಗವನ್ನು ನೋಡುವಂತೆ ಆ ಕಪ್ಪನ್ನೇ ನೋಡುತ್ತಿದ್ದಳು.

ವಿಭೂತಿಯ ಮೇಲೆ ಬಳಿಯಲು ಕುಂಚ ತಂದ ನಂದಾ ತಡೆದು ನಿಂತಳು. “ಏನ್ ಕಾಣ್ತೈತ್ರಿ ಅದರಾಗ?”

“ನಿಂತ್ರ ಕಾಣೂದಿಲ್ಲ. ಕುಂದರು.”

ಬರೆದವಳು ತಾನೇ ಆದರೂ, ನಂದಾ ಅದನ್ನು ನೋಡಲೆಂದು ಕುಳಿತದ್ದು ಅದೇ ಮೊದಲು.