ಅರ್ಧ ಹೊಲದ ಪಂದ್ಯ

ಡಬ್ಬಿ ಎತ್ತಿದ ಕೂಡಲೇ ಸೊಸೆಗೆ ಗೊತ್ತಾಯಿತು, ಯಾರೋ ಕೈಯಾಡಿಸಿದ್ದಾರೆ. ನಿನ್ನೆ ತುಂಬಿದ್ದ ಹುಳದ ಔಷಧ ಈಗ ಅರ್ಧಕ್ಕಿಳಿದಿತ್ತು.

"ನಿಮ್ಮ ಮಾವ ಎದ್ದವರೇ ಶೆಡ್ಡಿಗೆ ಹೋಗಿದ್ರಮ್ಮ," ಎಂದರು ಅತ್ತೆ, ಮುಖ ಆಚೆ ತಿರುಗಿಸಿಕೊಂಡು.

ಇನ್ಯಾರು ಮತ್ತೆ? ಚರಂಡಿಗೆ ಸುರಿದಿರಬೇಕು. ಸೋಲುವ ಭಯ ಹತ್ತಿದರೆ ಎಂಥ ದೊಡ್ಡವರೂ ಚಿಕ್ಕವರಾಗಿಬಿಡುತ್ತಾರೆ. ಸೊಸೆ ಹಲ್ಲು ಕಚ್ಚಿಕೊಂಡು, ಉಳಿದದ್ದನ್ನೇ ತನ್ನ ಪಾಲಿನ ಸೋಯಾ ಬೀಜಕ್ಕೆ ಹಚ್ಚಿ ನೆರಳಿನಲ್ಲಿ ಹರವಿದಳು. ಪುಣ್ಯಕ್ಕೆ ಸಾಕಾಯಿತು.

ಪಂದ್ಯ ಸರಳವಾಗಿತ್ತು. ಊರಿನವರ ಬೀಜಕ್ಕೆಲ್ಲ ಔಷಧ ಹಚ್ಚಿಕೊಡುವ ಕೆಲಸ ಶುರು ಮಾಡಬೇಕೆಂದು ಸೊಸೆಯ ಆಸೆ. ಅದಕ್ಕೆ ಮಾವನ ಹಳೇ ಶೆಡ್ಡು ಬೇಕು. ಮಣ್ಣೇ ಔಷಧ, ಉಳಿದದ್ದೆಲ್ಲ ಬೊಗಳೆ ಎಂದು ಮಾವನ ಹಟ. ಹೊಲದ ಎಡಭಾಗ ಅವಳದು, ಔಷಧ ಹಚ್ಚಿದ ಬೀಜ. ಬಲಭಾಗ ಮಾವನದು, ಬರೀ ಬೀಜ. ಅವಳ ಕಡೆ ಬೆಳೆ ಮೇಲಾದರೆ ಶೆಡ್ಡು ಅವಳಿಗೆ. ಇಲ್ಲವಾದರೆ ಆ ಮಾತನ್ನು ಮತ್ತೆ ಎತ್ತುವಂತಿಲ್ಲ. ತೀರ್ಪು ಅತ್ತೆಯದು.

ಬಿತ್ತುವ ದಿನ ಮಾವ ತಮ್ಮ ಭಾಗದ ಹತ್ತಿರಕ್ಕೂ ಯಾರನ್ನೂ ಬಿಡಲಿಲ್ಲ. ಕೈಗೆ ಗ್ಲೌಸು ಬೇರೆ.

"ಏನ್ ಮಾವ, ನಾನು ಗ್ಲೌಸ್ ಹಾಕ್ಕೊಂಡ್ರೆ ಡಾಕ್ಟರಮ್ಮ ಅಂತ ರೇಗಿಸ್ತಿದ್ರಿ?"

"ಕೈ ಒಡೆದಿದೆ ಕಣಮ್ಮ. ವಯಸ್ಸಾಯ್ತಲ್ಲ."

ಅಷ್ಟಕ್ಕೇ ಮುಗಿಯಲಿಲ್ಲ. ನಾಲ್ಕು ಕಾಳು ತಿಂದರೆ ತಿನ್ನಲಿ ಬಿಡಿ ಎನ್ನುತ್ತಿದ್ದ ಮನುಷ್ಯ, ಬದುವಿನ ಮೇಲೆ ಕೂತು ಸಂಜೆಯವರೆಗೆ ಕೋಳಿ ಓಡಿಸಿದರು.

ಸಸಿಗಳು ಮೇಲೆದ್ದವು. ಔಷಧ ಹಚ್ಚದ ಪಕ್ಕದ ಹೊಲದಲ್ಲಿ ಹುಳ ಬಿದ್ದು ಸಾಲಿಗೆ ಸಾಲೇ ಖಾಲಿಯಾಗಿತ್ತು.

"ಅವರ ಮಣ್ಣೇ ಅಂಥದ್ದು," ಎಂದು ಮಾವ ತೇಲಿಸಿಬಿಟ್ಟರು.

ತೀರ್ಪಿನ ದಿನ ಅತ್ತೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎರಡೂ ಕಡೆ ಸೊಂಪಾಗಿತ್ತು.

"ನನಗಂತೂ ಏನೂ ವ್ಯತ್ಯಾಸ ಕಾಣಲ್ಲಪ್ಪ."

ಸೊಸೆಗೆ ಅಳುವೇ ಬಂತು. ಇಷ್ಟು ದಿನ ಕಟ್ಟಿಕೊಂಡ ಆಸೆಯೆಲ್ಲ ಒಂದು ಮಾತಿಗೆ ಮಣ್ಣುಪಾಲಾಗಿತ್ತು. "ಸೋತೆ ಮಾವ. ಇನ್ನು ಶೆಡ್ಡಿನ ಸುದ್ದಿ ಎತ್ತಲ್ಲ."

ಗೆದ್ದವರು ಮೀಸೆ ತಿರುವಬೇಕಿತ್ತು. ಮಾವ ಸುಮ್ಮನೆ ಕೆಮ್ಮಿದರು, ನೆಲ ನೋಡಿದರು, ಆಮೇಲೆ ಹೆಂಡತಿಯ ಕಡೆ ನೋಡಿದರು. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

"ಹೋಗಿ ಶೆಡ್ಡು ಗುಡಿಸ್ಕೋ ಹೋಗು," ಎಂದರು ಮಾವ. "ನನ್ನ ಬೀಜಕ್ಕೂ ನಿನ್ನ ಔಷಧಾನೇ ಹಚ್ಚಿದ್ದೆ. ಒಂದು ಪಂದ್ಯಕ್ಕೋಸ್ಕರ ಅರ್ಧ ಹೊಲಾನ ಹುಳಕ್ಕೆ ಬಿಟ್ಟುಕೊಡೋಕೆ ನನಗೇನು ತಲೆ ಕೆಟ್ಟಿದೆಯಾ?"