ಕಿಂಡಿಯ ಮೇಲಿನ ಹೆಬ್ಬೆರಳು

ಫಿರಂಗಿಯ ಹಿಂತುದಿಯಲ್ಲಿ ಮದ್ದಿಗೆ ಬೆಂಕಿ ಮುಟ್ಟಿಸುವ ಕಿಂಡಿಯ ಮೇಲೆ ಹುಲುಗಪ್ಪನ ಹೆಬ್ಬೆರಳು ಬೇಯುತ್ತಿತ್ತು. ಬೆರಳಿಗೆ ತೊಟ್ಟ ತೊಗಲಿನ ಕವಚ ಆಗಲೇ ಸುಟ್ಟು ಹರಿದಿತ್ತು. ಫಿರಂಗಿಯ ಬಾಯೆದುರು ನಿಂತ ಈರಣ್ಣ ಹೊಸ ಮದ್ದಿನ ಚೀಲವನ್ನು ಗಜಕೋಲಿನಿಂದ ಒಳಗೆ ಜಡಿಯುತ್ತಿದ್ದ. ಅವನು ಕೋಲು ಹೊರಗೆಳೆಯುವ ತನಕ ಕಿಂಡಿ ಮುಚ್ಚಿರಬೇಕು. ಗಾಳಿ ಹೊಕ್ಕರೆ ಒಳಗುಳಿದ ಕೆಂಡ ಮದ್ದಿಗೆ ಹತ್ತಿ, ಬಾಯೆದುರು ನಿಂತವನು ಚೂರಾಗುತ್ತಾನೆ.

ಹೋದ ವರ್ಷ ಇದೇ ಬಳ್ಳಾರಿ ದಂಡಿನ ಬಯಲಿನಲ್ಲಿ ಹಾಗೆ ಚೂರಾದವನು ಹುಲುಗಪ್ಪನ ಮಗ. ಅಂದು ಕಿಂಡಿಯಿಂದ ಬೆರಳು ತೆಗೆದವನು ಈರಣ್ಣ. "ಕುರುಗೋಡು ಬಸವಣ್ಣನ ಆಣಿ, ಮಾವ, ನಾ ತೆಗಿಲಿಲ್ಲ. ಕೈ ತಾನಾ ಬಂತು," ಎಂದು ಅವನು ಕಾಲು ಹಿಡಿದಾಗ ಹುಲುಗಪ್ಪ ಮುಖಕ್ಕೆ ಉಗಿದಿದ್ದ. ಇಂದು ಮದ್ದಿನ ಪರೀಕ್ಷೆಯಲ್ಲೇ ಆಳುಗಳಿಗೆ ತಾಲೀಮೂ ಆಗಲೆಂದು ದಂಡಿನ ಸಾಹೇಬ ಪ್ರತಿ ಸಲ ಗುಂಡು ಹಾರಿಸಿದ ಮೇಲೂ ಅವರ ಜಾಗ ಬದಲಿಸುತ್ತಿದ್ದ. ದೇವರೇ ಹಗೆಯನ್ನು ತನ್ನ ಕೈಗೆ ಕೊಟ್ಟನೆಂದು ತಿಳಿದು, ಬೆರಳೆತ್ತುವ ನಿಶ್ಚಯ ಮಾಡಿಯೇ ಹುಲುಗಪ್ಪ ನಿಂತಿದ್ದ.

"ಜಲ್ದಿ ಮುಗಸ್ತೀನಿ, ಮಾವ. ಎಷ್ಟು ಸುಡ್ತೈತಿ ಅಂತ ನನಗ ಗೊತ್ತೈತಿ," ಎಂದ ಈರಣ್ಣ. ಕೋಲು ಹಿಡಿದ ಅವನ ಹೆಬ್ಬೆರಳಿಗೆ ಉಗುರಿರಲಿಲ್ಲ, ಬರೀ ಸುಟ್ಟ ಕಲೆಯಿತ್ತು. ಹುಲುಗಪ್ಪ ಅದನ್ನು ನೋಡಿದ. "ಬಸವಣ್ಣಾ, ಇವನನ್ನು ಉಳಿಸು" ಎಂದುಕೊಂಡು ಬೆರಳನ್ನು ಇನ್ನೂ ಬಲವಾಗಿ ಒತ್ತಿದ. ಮಾಂಸ ಸುಟ್ಟು ಹೊಗೆಯೆದ್ದಿತು. ಕೈ ತಾನಾಗಿಯೇ ಮೇಲೆ ಬಂತು.

ಹೊಗೆ ಸರಿದಾಗ ಈರಣ್ಣನ ಎದೆಯಿಂದ ಮೇಲೆ ಏನೂ ಉಳಿದಿರಲಿಲ್ಲ. ಆಳುಗಳೆಲ್ಲ ಹುಲುಗಪ್ಪನನ್ನೇ ನೋಡುತ್ತಿದ್ದರು. "ಬಸವಣ್ಣನ ಆಣಿ," ಎಂದು ಅವನು ಕರಕಾದ ಬೆರಳನ್ನು ಮುಂದೆ ಚಾಚಿದ. "ಕೈ ತಾನಾ ಬಂತು."

ಈರಣ್ಣನ ಅಣ್ಣ ಆಳುಗಳ ಸಾಲು ಬಿಟ್ಟು ಬಂದು ಹುಲುಗಪ್ಪನ ಮುಖಕ್ಕೆ ಉಗಿದ.