ಮಗ್ಗದವರ ಹಾಡು

ಜರ್ಮನಿಯೊಂದಿಗೆ ಯುದ್ಧ ಶುರುವಾದ ಮೇಲೆ ಆ ಅಮೆರಿಕದ ಮಿಲ್ಲಿನ ಊರಿನಲ್ಲಿ ಜರ್ಮನ್ ಆಡುವುದು ಅಪರಾಧವಾಗಿತ್ತು. ಹೆಡ್ವಿಗ್ ಎಂಬವಳ ಗಂಡ ಜರ್ಮನಿಯಿಂದ ಬಂದು, ನಲವತ್ತು ವರ್ಷ ನೇಯ್ದು, ಸತ್ತಿದ್ದ. ಅವನ ಶವಪೆಟ್ಟಿಗೆಯ ಮುಂದೆ ತಮ್ಮ ನಾಡಿನ ಹಾಡು ಹಾಡಬೇಕಾದ ನೇಕಾರರು ಸುಮ್ಮನೆ ನಿಂತಿದ್ದರು. ಸ್ಮಶಾನದ ಗೇಟಿನ ಬಳಿ ಪೊಲೀಸಿನವನೊಬ್ಬ ಕಾವಲಿದ್ದ.

“ಇಂಗ್ಲಿಷಲ್ಲೇ ಹಾಡ್ತೀವಿ, ಅಕ್ಕ,” ಎಂದ ಅವರ ಹಾಡಿನ ಮೇಳದ ಮುಖ್ಯಸ್ಥ ಎಮಿಲ್.

“ನಮ್ಮ ಯಜಮಾನರಿಗೆ ಇಂಗ್ಲಿಷಲ್ಲಿ ನೀರು ಕೇಳೋಕೂ ಬರ್ತಿರ್ಲಿಲ್ಲ,” ಎಂದಳು ಹೆಡ್ವಿಗ್.

“ಹಿಡ್ಕೊಂಡು ಹೋಗ್ತಾರೆ. ಕೆಲಸಾನೂ ಹೋಗುತ್ತೆ. ನಂಗೆ ಮೂರು ಮಕ್ಕಳು.”

“ನಿನ್ನ ಮದುವೇಲಿ ಅವರು ಗಂಟಲು ಹರಿಯೋ ಹಾಗೆ ಹಾಡಿದ್ರು. ಆಗ ನಿಂಗೆ ಇಂಗ್ಲಿಷ್ ನೆನಪಾಗ್ಲಿಲ್ಲ.”

ಎಮಿಲ್ ಗೇಟಿನ ಕಡೆ ನೋಡಿದ.

“ಹೋಗ್ಲಿ, ಮಿಲ್ಲಲ್ಲಿ ಮಾತಾಡೋ ಹಾಗಾದ್ರೂ ಹಾಡಿ,” ಎಂದಳು ಅವಳು ಬೇಸತ್ತು.

ಮಗ್ಗಗಳ ಗದ್ದಲದಲ್ಲಿ ಕಿವಿಗೆ ಏನೂ ಕೇಳುವುದಿಲ್ಲ. ಅಲ್ಲಿ ನೇಕಾರರು ದನಿ ತೆಗೆಯದೆ ತುಟಿಯಷ್ಟೇ ಆಡಿಸುತ್ತಾರೆ. ಎದುರಿನವರು ಅದನ್ನು ನೋಡಿಯೇ ತಿಳಿದುಕೊಳ್ಳುತ್ತಾರೆ.

ಹನ್ನೆರಡು ಮಂದಿ ಟೋಪಿ ತೆಗೆದು ಹಾಗೆಯೇ ಹಾಡಿದರು. ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಹೆಡ್ವಿಗ್ ಆ ಹನ್ನೆರಡು ಮುಖಗಳನ್ನೇ ನೋಡುತ್ತ ಮೂರು ಚರಣಗಳನ್ನೂ ಓದಿಕೊಂಡಳು. ಪೊಲೀಸಿನವನು ನಿಂತಲ್ಲಿಂದ ಕದಲಲಿಲ್ಲ.

ಎಲ್ಲ ಮುಗಿದ ಮೇಲೆ ಅವನು ಹತ್ತಿರ ಬಂದು ಅವಳಿಗೆ ತಲೆಬಾಗಿದ.

“ಈ ಕೆಲಸಕ್ಕೆ ಸೇರೋ ಮುಂಚೆ ಹನ್ನೊಂದು ವರ್ಷ ನಿಮ್ಮ ಯಜಮಾನರ ಪಕ್ಕದ ಮಗ್ಗದಲ್ಲೇ ಇದ್ದೆ, ಅಮ್ಮ. ಹಾಡು ಚೆನ್ನಾಗಿತ್ತು,” ಎಂದು ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು ಹಾಡಿದವರ ಕಡೆ ತಿರುಗಿದ. “ಒಬ್ಬೊಬ್ಬರಾಗಿ ಹೆಸರು ಹೇಳಿ.”